ಗಣಿತದಲ್ಲಿ ಕೈತಪ್ಪು: ಕಾರಣ ಮತ್ತು ಪರಿಹಾರ

॥ ಶ್ರೀ ಗುರುರಾಜೋ ವಿಜಯತೇ ॥

(ಲಕ್ಷ್ಮೀ ನಗರದ ನಮ್ಮ ಶಾಖಾ ಮಠದಲ್ಲಿ ವಿದ್ಯಾರ್ಥಿಗಳನ್ನೂ ಪಾಲಕರನ್ನೂ ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)



ಶ್ರೀ ಗುರುಸಾರ್ವಭೌಮರ ಸನ್ನಿಧಾನದಲ್ಲಿ ಗಣಿತದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಹಿರಿಯರು ಅಪ್ಪಣೆ ಮಾಡಿದ್ದಾರೆ. ನಾನು ಗಣಿತದ ಪ್ರಾಧ್ಯಾಪಕನಲ್ಲ. ಡಿಪ್ಲೊಮಾ ಓದಿ, ರೈಲ್ವೆಯ ಹಳಿಗಳ ವಿಭಾಗದಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ಆದುದರಿಂದ ಹೊಸ ಸೂತ್ರಗಳನ್ನಾಗಲಿ, ಕಠಿಣ ಪ್ರಮೇಯಗಳನ್ನಾಗಲಿ ಹೇಳುವ ಅಧಿಕಾರ ನನಗಿಲ್ಲ. ಬಲ್ಲ ಲೆಕ್ಕವೇ ಪರೀಕ್ಷೆಯ ದಿನ ಏಕೆ ತಪ್ಪುತ್ತದೆ, ಅದನ್ನು ತಡೆಯುವ ಬಗೆ ಹೇಗೆ ಎಂಬ ಒಂದೇ ವಿಷಯವನ್ನು ಇಂದು ನಿವೇದಿಸುತ್ತೇನೆ.

ಮಾಘಮಾಸದಿಂದ ವೈಶಾಖದವರೆಗೆ ನಮ್ಮ ಮನೆಗಳಲ್ಲಿ ಪರೀಕ್ಷೆಗಳದೇ ಚಿಂತೆ. ಮಕ್ಕಳು ಪ್ರವೇಶಪತ್ರವನ್ನು ತಂದು ಗುರುಗಳ ಮುಂದಿಟ್ಟು, ಮೃತ್ತಿಕೆಯನ್ನು ಧರಿಸಿ, ಮಂತ್ರಾಕ್ಷತೆಯನ್ನು ಪಡೆದು ಹೋಗುತ್ತಾರೆ. ಫಲಿತಾಂಶ ಬಂದ ಮೇಲೆ ಇದೇ ಪ್ರಾಕಾರದಲ್ಲಿ ಒಂದು ಮಾತು ಬಹಳ ಮನೆಯವರಿಂದ ಕೇಳಿಬರುತ್ತದೆ: "ನಮ್ಮ ಹುಡುಗನಿಗೆ ಎಲ್ಲವೂ ಬರುತ್ತದೆ, ಆದರೆ ಬಹಳ ಅಜಾಗರೂಕ." ಹೇಳುವ ತಾಯಿಯ ದನಿಯಲ್ಲಿ ಅರ್ಧ ಹೆಮ್ಮೆ, ಅರ್ಧ ನೋವು. ಪಕ್ಕದಲ್ಲಿ ನಿಂತ ಹುಡುಗ ತಲೆ ತಗ್ಗಿಸಿರುತ್ತಾನೆ. ಆ ಒಂದು ಮಾತಿನಿಂದ ಅವನಿಗೆ ಎರಡು ಬಗೆಯ ಹಾನಿಯಾಗುತ್ತದೆ. ನನಗೆ ಎಲ್ಲವೂ ಬರುತ್ತದೆ, ಅಭ್ಯಾಸ ಸಾಕು ಎಂಬ ಭ್ರಮೆ ಒಂದು. ಅಜಾಗರೂಕತೆ ನನ್ನ ಸ್ವಭಾವ, ಅದಕ್ಕೆ ಉಪಾಯವಿಲ್ಲ ಎಂಬ ಹತಾಶೆ ಇನ್ನೊಂದು. ಎರಡೂ ಸತ್ಯವಲ್ಲ.

ತಪ್ಪಿನ ಬೆಲೆ

ಮೊದಲು ಈ ತಪ್ಪಿನ ಬೆಲೆ ಎಷ್ಟೆಂದು ನೋಡೋಣ. ಜೆಇಇ ಮೇನ್ ಪರೀಕ್ಷೆಯಲ್ಲಿ ಮೂರು ಗಂಟೆಗಳಲ್ಲಿ 75 ಪ್ರಶ್ನೆಗಳು, ಒಟ್ಟು 300 ಅಂಕಗಳು. 2025ರಿಂದ ಯಾವ ಪ್ರಶ್ನೆಯನ್ನೂ ಬಿಟ್ಟು ಇನ್ನೊಂದನ್ನು ಆಯ್ದುಕೊಳ್ಳುವ ಅವಕಾಶವಿಲ್ಲ. ಸರಿಯುತ್ತರಕ್ಕೆ 4 ಅಂಕ ದೊರೆತರೆ, ತಪ್ಪುತ್ತರಕ್ಕೆ 1 ಅಂಕ ಕಳೆಯುತ್ತದೆ. ಅಂದರೆ ಗೊತ್ತಿದ್ದ ಒಂದು ಲೆಕ್ಕ ಕೈತಪ್ಪಿದರೆ ನಷ್ಟ ನಾಲ್ಕಲ್ಲ, ಐದು. ಅಂತಹ ನಾಲ್ಕು ತಪ್ಪುಗಳಾದರೆ 20 ಅಂಕಗಳು ಹೋದವು. ನಮ್ಮ ಮಹಾರಾಷ್ಟ್ರದ ಎಂಎಚ್‌ಟಿ-ಸಿಇಟಿಯಲ್ಲಿ ಗಣಿತಕ್ಕೆ 90 ನಿಮಿಷಗಳಲ್ಲಿ 50 ಪ್ರಶ್ನೆಗಳು. ಅಲ್ಲಿ ಅಂಕ ಕಳೆಯುವುದಿಲ್ಲವಾದರೂ ಗಣಿತದ ಪ್ರತಿ ಪ್ರಶ್ನೆಗೂ 2 ಅಂಕಗಳಿರುವುದರಿಂದ ಒಂದೊಂದು ತಪ್ಪೂ ಭಾರವೇ. ರೈಲ್ವೆ ನೇಮಕಾತಿ ಮಂಡಲಿಯ ಜೂನಿಯರ್ ಇಂಜಿನಿಯರ್ ಹುದ್ದೆಯ ಮೊದಲ ಹಂತದಲ್ಲಿ 90 ನಿಮಿಷಗಳಿಗೆ 100 ಪ್ರಶ್ನೆಗಳು, ಅವುಗಳಲ್ಲಿ 30 ಗಣಿತದವು. ಒಂದು ಪ್ರಶ್ನೆಗೆ ಸರಾಸರಿ 54 ಸೆಕೆಂಡು. ಮೂರು ತಪ್ಪುತ್ತರಗಳು ಒಂದು ಸರಿಯುತ್ತರದ ಅಂಕವನ್ನು ತಿಂದುಹಾಕುತ್ತವೆ.

ಶಾಲೆಯ ಪರೀಕ್ಷೆಯಲ್ಲಿ ಕ್ರಮ ಸರಿಯಿದ್ದು ಕೊನೆಯ ಗುಣಾಕಾರ ತಪ್ಪಿದರೂ ಗುರುಗಳು ಕರುಣೆಯಿಂದ ಮೂರು ಅಂಕಗಳನ್ನು ಕೊಡುತ್ತಾರೆ. ಗಣಕಯಂತ್ರಕ್ಕೆ ಆ ಕರುಣೆ ಇಲ್ಲ. ಮೇಲಾಗಿ, ನಾಲ್ಕು ಆಯ್ಕೆಗಳನ್ನು ರಚಿಸುವವರು ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪುಗಳಿಂದ ಬರುವ ಉತ್ತರಗಳನ್ನೇ ಆಯ್ಕೆಗಳಾಗಿ ಇಡುವುದು ವಾಡಿಕೆ. ಆದುದರಿಂದ "ನನ್ನ ಉತ್ತರ ಆಯ್ಕೆಗಳಲ್ಲಿ ಇದೆ, ಹಾಗಾದರೆ ಸರಿಯೇ ಇರಬೇಕು" ಎಂಬ ಸಮಾಧಾನ ಅಪಾಯಕರ.

ದೋಷಕ್ಕೆ ಕಾರಣವುಂಟು

ನಮ್ಮ ಸಿದ್ಧಾಂತದಲ್ಲಿ ಈ ವಿಷಯಕ್ಕೆ ಬೆಳಕು ನೀಡುವ ಒಂದು ವಿಚಾರವುಂಟು. ವಿದ್ವಾಂಸರ ಎದುರು ಹೇಳಲು ಸಂಕೋಚವಾಗುತ್ತದೆ, ತಪ್ಪಿದ್ದರೆ ಕ್ಷಮಿಸಬೇಕು. ಶ್ರೀಮದಾಚಾರ್ಯರು ಪ್ರಮಾಣಲಕ್ಷಣದಲ್ಲಿ ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರು ಪ್ರಮಾಣಗಳನ್ನು ನಿರೂಪಿಸುವಾಗ ಮೂರಕ್ಕೂ ನಿರ್ದೋಷತ್ವವನ್ನು ಹೇಳಿದ್ದಾರೆ. ಇಂದ್ರಿಯ ನಿರ್ದೋಷವಾಗಿರಬೇಕು, ಯುಕ್ತಿ ನಿರ್ದೋಷವಾಗಿರಬೇಕು, ಶಬ್ದ ನಿರ್ದೋಷವಾಗಿರಬೇಕು. ಜ್ಞಾನದ ಪ್ರಾಮಾಣ್ಯ ಸ್ವತಃ ಬರುವಂಥದು, ಅಪ್ರಾಮಾಣ್ಯವಾದರೋ ದೋಷದಿಂದ, ಹೊರಗಿನಿಂದ ಬರುವಂಥದು ಎಂಬುದು ನಮ್ಮವರ ನಿರ್ಣಯ. ಪಾಠಶಾಲೆಯಲ್ಲಿ ಶ್ರೀ ಜಯತೀರ್ಥರ ಪ್ರಮಾಣಪದ್ಧತಿಯನ್ನು ಓದಿದವರಿಗೆ ಇದು ಪರಿಚಿತ.

ಈ ತತ್ತ್ವವನ್ನು ಒಂದು ಸಣ್ಣ ಲೆಕ್ಕಕ್ಕೆ ಅನ್ವಯಿಸಿದರೆ ತಿಳಿಯುವುದೇನು? ತಪ್ಪು ಹುಡುಗನ ಸ್ವಭಾವವಲ್ಲ. ಅದಕ್ಕೆ ಒಂದು ಗೊತ್ತಾದ ದೋಷ ಕಾರಣ. ದೋಷವನ್ನು ಗುರುತಿಸಿ ತೆಗೆದರೆ ಜ್ಞಾನ ತಾನಾಗಿಯೇ ಸರಿಯಾಗಿ ಕೆಲಸ ಮಾಡುತ್ತದೆ. ರೈಲ್ವೆಯಲ್ಲಿಯೂ ಒಂದು ಗಾಡಿ ಹಳಿ ತಪ್ಪಿದರೆ "ಅಜಾಗರೂಕತೆ" ಎಂದು ಒಂದೇ ಪದ ಬರೆದು ಕಡತವನ್ನು ಮುಚ್ಚುವಂತಿಲ್ಲ. ಚಕ್ರದ ದೋಷವೋ, ಹಳಿಯ ದೋಷವೋ, ವೇಗದ ದೋಷವೋ ಎಂದು ಬಿಡಿಸಿ ನೋಡಲೇಬೇಕು. ಮಕ್ಕಳ ಉತ್ತರಪತ್ರಿಕೆಗೂ ಅಷ್ಟೇ ಗೌರವ ಸಲ್ಲಬೇಕು.

ಬಿಡಿಸುವ ಮೊದಲು ಒಂದು ಪರೀಕ್ಷೆ ಮಾಡಬೇಕು. ತಪ್ಪಾದ ಲೆಕ್ಕವನ್ನು ಮರುದಿನ ಯಾವ ಸೂಚನೆಯನ್ನೂ ಕೊಡದೆ ಹುಡುಗನಿಗೆ ಮತ್ತೆ ಕೊಡಿ. ಸರಿಯಾಗಿ ಮಾಡಿದರೆ ಅದು ಜಾರಿದ ತಪ್ಪು. ಮತ್ತೆ ಅದೇ ಉತ್ತರ ಬಂದರೆ ಅದು ಅರಿಯದ ತಪ್ಪು. ಉದಾಹರಣೆಗೆ, ನಾಗಪುರದಿಂದ ವರ್ಧಾಕ್ಕೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗಿ, ಅದೇ ದಾರಿಯಲ್ಲಿ 40 ಕಿಲೋಮೀಟರ್ ವೇಗದಲ್ಲಿ ಹಿಂದಿರುಗಿದರೆ ಸರಾಸರಿ ವೇಗವೆಷ್ಟು? ಬಹಳ ಮಕ್ಕಳು 50 ಎನ್ನುತ್ತಾರೆ. ಸರಿಯುತ್ತರ 48. ನಿಧಾನವಾಗಿ ಬಂದ ದಾರಿಯಲ್ಲಿ ಹೆಚ್ಚು ಹೊತ್ತು ಕಳೆದಿರುವುದರಿಂದ ಸರಾಸರಿ ಅತ್ತ ವಾಲುತ್ತದೆ. ಇದನ್ನು ಅಜಾಗರೂಕತೆ ಎಂದು ಕರೆದರೆ ಹುಡುಗ ಆ ಪಾಠವನ್ನು ಎಂದಿಗೂ ಕಲಿಯಲಾರ. ಅರಿಯದ ತಪ್ಪಿಗೆ ಪಾಠವೇ ಔಷಧ. ಇನ್ನು ಮುಂದೆ ನಾನು ಹೇಳುವುದು ಜಾರಿದ ತಪ್ಪುಗಳ ವಿಷಯ ಮಾತ್ರ. ಅವನ್ನು ಆಚಾರ್ಯರ ಕ್ರಮವನ್ನೇ ಅನುಸರಿಸಿ ಮೂರಾಗಿ ವಿಂಗಡಿಸಿಕೊಳ್ಳೋಣ.

ಕಣ್ಣಿನ ದೋಷ

ಮೊದಲನೆಯದು ನೋಡುವುದರಲ್ಲಿ, ನಕಲು ಮಾಡುವುದರಲ್ಲಿ ಆಗುವ ತಪ್ಪು. ಈಗಿನ ಪರೀಕ್ಷೆಗಳಲ್ಲಿ ಪ್ರಶ್ನೆ ಗಣಕದ ಪರದೆಯ ಮೇಲಿರುತ್ತದೆ, ಲೆಕ್ಕ ಕಾಗದದ ಮೇಲೆ ನಡೆಯುತ್ತದೆ. ಕಣ್ಣು ಅಲ್ಲಿಂದಿಲ್ಲಿಗೆ ಓಡಾಡುವಾಗ 63 ಎಂಬುದು 36 ಆಗುತ್ತದೆ, ಋಣ ಚಿಹ್ನೆ ದಾರಿಯಲ್ಲಿ ಬಿದ್ದುಹೋಗುತ್ತದೆ. ತನ್ನದೇ ಬರಹದಲ್ಲಿ 1 ಮತ್ತು 7, 0 ಮತ್ತು 6 ಒಂದೇ ರೀತಿ ಕಾಣುವುದೂ ಉಂಟು.

ನಾಗಪುರದ ಕನ್ನಡ ಮನೆಗಳಲ್ಲಿ ಇದಕ್ಕೆ ಇನ್ನೊಂದು ವಿಶೇಷ ಕಾರಣ ಸೇರುತ್ತದೆ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ ಅಥವಾ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಆಡುವವರು. ಕನ್ನಡದಲ್ಲಿ "ಇಪ್ಪತ್ತೈದು" ಎಂದಾಗ ಇಪ್ಪತ್ತು ಮೊದಲು, ಐದು ನಂತರ. ಮರಾಠಿಯ "ಪಂಚವೀಸ್" ಎಂಬಲ್ಲಿ ಐದು ಮೊದಲು, ಇಪ್ಪತ್ತು ನಂತರ. "ಏಕೋಣತೀಸ್" ಎಂದರೆ ಮೂವತ್ತಕ್ಕೆ ಒಂದು ಕಡಿಮೆ, ಅಂದರೆ 29. ಮನಸ್ಸಿನಲ್ಲಿ ಒಂದು ಭಾಷೆಯಲ್ಲಿ ಎಣಿಸಿ ಇನ್ನೊಂದು ಭಾಷೆಯಲ್ಲಿ ಬರೆಯುವಾಗ ಅಂಕಿಗಳು ಅದಲುಬದಲಾಗುವುದು ಸಹಜ. ಭಾಷೆಗಳು ಹೆಚ್ಚಿದ್ದಷ್ಟೂ ಒಳ್ಳೆಯದೇ, ಆದರೆ ಲೆಕ್ಕಕ್ಕೆ ಒಂದೇ ಭಾಷೆ ಇರಲಿ. ಯಾವುದಾದರೂ ಆಗಬಹುದು, ಮಗ್ಗಿಯನ್ನು ಕಂಠಸ್ಥ ಮಾಡಿದ ಭಾಷೆಯೇ ಸಾಮಾನ್ಯವಾಗಿ ಉತ್ತಮ.

ಪರಿಹಾರ ಸುಲಭ. ಪ್ರಶ್ನೆಯಿಂದ ಕಾಗದಕ್ಕೆ ಬರೆದುಕೊಂಡ ಮೇಲೆ, ಲೆಕ್ಕ ಆರಂಭಿಸುವ ಮೊದಲು, ಕಾಗದದಿಂದ ಪರದೆಗೆ ಒಮ್ಮೆ ಹಿಂದಿರುಗಿ ನೋಡಬೇಕು. ಇದಕ್ಕೆ ಮೂರು ಸೆಕೆಂಡು ಸಾಕು. ಕಾಗದವನ್ನು ಮಡಿಸಿ ಅಂಕಣಗಳನ್ನು ಮಾಡಿಕೊಂಡು, ಪ್ರತಿ ಅಂಕಣಕ್ಕೂ ಪ್ರಶ್ನೆಯ ಸಂಖ್ಯೆಯನ್ನು ಬರೆದು, ಒಂದು ಸಾಲಿಗೆ ಒಂದು ಹೆಜ್ಜೆಯಂತೆ, ಸಮ ಚಿಹ್ನೆಯ ಕೆಳಗೆ ಸಮ ಚಿಹ್ನೆ ಬರುವಂತೆ ಬರೆಯಬೇಕು. ಮೂಲೆಯಲ್ಲೊಂದು, ಅಂಚಿನಲ್ಲೊಂದು ಗೀಚಿದ ಲೆಕ್ಕವನ್ನು ಬರೆದವನೇ ಮತ್ತೆ ಓದಲಾರ. ಜೆಇಇಯಲ್ಲಿ ಸಂಖ್ಯಾತ್ಮಕ ಉತ್ತರವನ್ನು ಪರದೆಯ ಮೇಲಿನ ಅಂಕಿಗಳನ್ನು ಮೌಸಿನಿಂದ ಒತ್ತಿ ನಮೂದಿಸಬೇಕು. ಅಲ್ಲಿ ಬಿದ್ದ ಅಂಕಿ ಕಾಗದದ ಮೇಲಿನ ಅಂಕಿಯೇ ಹೌದೇ ಎಂದು ನೋಡಿಯೇ ಮುಂದೆ ಹೋಗಬೇಕು.

ಯುಕ್ತಿಯ ದೋಷ

ಎರಡನೆಯದು ಲೆಕ್ಕದ ಹೆಜ್ಜೆಯಲ್ಲಿ ಆಗುವ ತಪ್ಪು. ಇದರಲ್ಲಿ ಅಗ್ರಸ್ಥಾನ ಋಣ ಚಿಹ್ನೆಗೆ. ಅವ್ಯಕ್ತ ರಾಶಿಯನ್ನು ಭಾಸ್ಕರಾಚಾರ್ಯರಂತೆ "ಯಾ" ಎಂದು ಕರೆಯೋಣ. 7 − 3(ಯಾ − 4) ಎಂಬುದನ್ನು ಬಿಡಿಸಿದರೆ 19 − 3ಯಾ ಬರಬೇಕು. ಆದರೆ ಕೈ ವೇಗವಾಗಿ ಓಡಿದಾಗ ಎರಡನೆಯ ಪದಕ್ಕೆ ಚಿಹ್ನೆ ಬದಲಿಸುವುದು ಮರೆತು −5 − 3ಯಾ ಎಂದು ಬರೆದುಬಿಡುತ್ತಾರೆ. ಇದನ್ನು ಹಿಡಿಯಲು ಮತ್ತೊಮ್ಮೆ ಬಿಡಿಸಬೇಕಾಗಿಲ್ಲ. ಯಾ = 4 ಎಂದು ಇಟ್ಟುನೋಡಿ. ಮೂಲ ರೂಪದ ಬೆಲೆ 7. ಸರಿಯಾದ ರೂಪದಲ್ಲಿ 19 − 12 = 7. ತಪ್ಪು ರೂಪದಲ್ಲಿ −5 − 12 = −17. ಐದು ಸೆಕೆಂಡಿನಲ್ಲಿ ಕಳ್ಳ ಸಿಕ್ಕಿಬಿದ್ದ.

ಇದೇ ವರ್ಗದಲ್ಲಿ ಮಾನಗಳ ತಪ್ಪುಗಳು ಸೇರುತ್ತವೆ. ನಮ್ಮ ಮನೆಗಳಿಗೆ ಹತ್ತಿರವಾದ ಒಂದು ಉದಾಹರಣೆಯನ್ನು ಕೊಡುತ್ತೇನೆ. ಅರುಣೋದಯವೆಂದರೆ ಸೂರ್ಯೋದಯಕ್ಕೆ ಮುಂಚಿನ 4 ಘಟಿಕೆ. ಒಂದು ಘಟಿಕೆಗೆ 24 ನಿಮಿಷ, ಆದುದರಿಂದ 96 ನಿಮಿಷ, ಅಂದರೆ 1 ಗಂಟೆ 36 ನಿಮಿಷ. ಅರುಣೋದಯದಲ್ಲಿ ದಶಮಿಯ ವೇಧವಿದ್ದರೆ ಆ ಏಕಾದಶಿ ವಿದ್ಧವೆನಿಸಿ ಉಪವಾಸ ಮರುದಿನಕ್ಕೆ ಹೋಗುತ್ತದೆ ಎಂಬುದು ನಮ್ಮ ಸಂಪ್ರದಾಯ. ಸೂರ್ಯೋದಯ 6 ಗಂಟೆ 20 ನಿಮಿಷಕ್ಕೆ ಎಂದಿಟ್ಟುಕೊಳ್ಳಿ. ಅರುಣೋದಯ ಆರಂಭವಾಗುವುದು 4 ಗಂಟೆ 44 ನಿಮಿಷಕ್ಕೆ. ಆದರೆ 6.20ರಿಂದ 1.36ನ್ನು ದಶಮಾಂಶದಂತೆ ಕಳೆದರೆ 4.84 ಬರುತ್ತದೆ. ಅದನ್ನು 4 ಗಂಟೆ 84 ನಿಮಿಷ ಎಂದು ಓದಿ 5 ಗಂಟೆ 24 ನಿಮಿಷ ಎಂದು ಸರಿಪಡಿಸಿಕೊಂಡರೆ, ತಪ್ಪು ಒಳ್ಳೆಯ ವೇಷ ಧರಿಸಿ ನಿಂತಂತಾಯಿತು. ಅಂದು ದಶಮಿ 4 ಗಂಟೆ 50 ನಿಮಿಷದವರೆಗೆ ಇದ್ದರೆ? ಸರಿಯಾದ ಲೆಕ್ಕದಲ್ಲಿ ಏಕಾದಶಿ ವಿದ್ಧ, ತಪ್ಪು ಲೆಕ್ಕದಲ್ಲಿ ಶುದ್ಧ. ಒಂದು ಕಡ ತೆಗೆದುಕೊಳ್ಳುವಾಗ 60ರ ಬದಲು 100 ತೆಗೆದುಕೊಂಡ ಮಾತ್ರಕ್ಕೆ ಉಪವಾಸದ ದಿನವೇ ಬದಲಾಯಿತು. ನಿರ್ಣಯಕ್ಕೆ ಮಠದ ಪಂಚಾಂಗವೇ ಪ್ರಮಾಣ ಎಂಬುದು ಬೇರೆ ಮಾತು. ಲೆಕ್ಕದ ಸಣ್ಣ ತಪ್ಪಿಗೆ ಸಣ್ಣ ಫಲವೇ ಬರಬೇಕೆಂಬ ನಿಯಮವಿಲ್ಲ ಎಂಬುದನ್ನು ಮಕ್ಕಳು ಇದರಿಂದ ತಿಳಿಯಲಿ.

ಶಬ್ದದ ದೋಷ

ಮೂರನೆಯದು ಪ್ರಶ್ನೆಯ ಮಾತನ್ನು ಪೂರ್ಣವಾಗಿ ಕೇಳಿಸಿಕೊಳ್ಳದ ತಪ್ಪು. ಕೇಳಿದ್ದು ವ್ಯಾಸ, ಕೊಟ್ಟದ್ದು ತ್ರಿಜ್ಯ. ಕೇಳಿದ್ದು "ಯಾವುದು ಸರಿಯಲ್ಲ" ಎಂದು, ಗುರುತು ಹಾಕಿದ್ದು ಸರಿಯಾದುದಕ್ಕೆ. ಅವ್ಯಕ್ತದ ಬೆಲೆ ಬಂದೊಡನೆ ಸಂತೋಷದಿಂದ ಅದನ್ನೇ ಉತ್ತರವೆಂದು ಬರೆಯುವುದು, ಆದರೆ ಪ್ರಶ್ನೆಯಲ್ಲಿ ಕೇಳಿದ್ದು ಅದರ ಎರಡರಷ್ಟಕ್ಕೆ ಒಂದು ಸೇರಿಸಿದ ಮೊತ್ತ.

ರೈಲಿನ ಲೆಕ್ಕವನ್ನೇ ನೋಡಿ. 180 ಮೀಟರ್ ಉದ್ದದ ಗಾಡಿ ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ 270 ಮೀಟರ್ ಉದ್ದದ ಪ್ಲಾಟ್‌ಫಾರಂ ಅನ್ನು ದಾಟಲು ಎಷ್ಟು ಹೊತ್ತು? ವೇಗ ಸೆಕೆಂಡಿಗೆ 15 ಮೀಟರ್, ದಾಟಬೇಕಾದ ದೂರ 450 ಮೀಟರ್, ಉತ್ತರ 30 ಸೆಕೆಂಡು. ಗಾಡಿಯ ಉದ್ದವನ್ನು ಮರೆತರೆ 18, ಪ್ಲಾಟ್‌ಫಾರಂ ಅನ್ನು ಮರೆತರೆ 12. ಆಯ್ಕೆಗಳಲ್ಲಿ ಮೂರೂ ಇರುತ್ತವೆ. ಆದುದರಿಂದ ಲೆಕ್ಕ ಆರಂಭಿಸುವ ಮೊದಲೇ ಕಾಗದದ ಮೇಲೆ "ಬೇಕಾದದ್ದು: ಕಾಲ, ಸೆಕೆಂಡಿನಲ್ಲಿ" ಎಂದು ಬರೆದುಕೊಳ್ಳಬೇಕು. ಉತ್ತರ ಬಂದ ಮೇಲೆ ಆ ಸಾಲಿಗೆ ಹಿಂದಿರುಗಬೇಕು. ನಾವು ಯಾವ ಕರ್ಮವನ್ನು ಮಾಡುವಾಗಲೂ ಮೊದಲು ಸಂಕಲ್ಪ ಮಾಡುತ್ತೇವಲ್ಲವೇ? ಏನು ಮಾಡಲಿದ್ದೇನೆಂದು ಬಾಯಿಬಿಟ್ಟು ಹೇಳಿ ಆರಂಭಿಸುವ ಆ ಕ್ರಮ ಲೆಕ್ಕಕ್ಕೂ ಒಪ್ಪುತ್ತದೆ.

ಬಂದ ದಾರಿಯಲ್ಲೇ ಮತ್ತೆ ನಡೆಯಬಾರದು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. "ಉತ್ತರವನ್ನು ಒಮ್ಮೆ ಪರಿಶೀಲಿಸು" ಎಂದರೆ ಮಕ್ಕಳು ಏನು ಮಾಡುತ್ತಾರೆ? ಬರೆದುದನ್ನೇ ಮೇಲಿನಿಂದ ಕೆಳಗೆ ಓದುತ್ತಾರೆ. ಆಗ ಕಣ್ಣು ತಪ್ಪನ್ನೂ ಸರಿಯೆಂದೇ ಓದುತ್ತದೆ.

1983ರ ಜುಲೈ 23ರಂದು ಕೆನಡಾ ದೇಶದಲ್ಲಿ ಒಂದು ಘಟನೆ ನಡೆಯಿತು. ಏರ್ ಕೆನಡಾ ಸಂಸ್ಥೆಯ ಬೋಯಿಂಗ್ 767 ವಿಮಾನದ ಇಂಧನ ಸೂಚಕ ಕೆಲಸ ಮಾಡುತ್ತಿರಲಿಲ್ಲವಾದ್ದರಿಂದ ಇಂಧನವನ್ನು ಅಳೆದು, ಲೆಕ್ಕ ಹಾಕಿ ತುಂಬಿಸಿದರು. ಬೇಕಾಗಿದ್ದದ್ದು 22,300 ಕಿಲೋಗ್ರಾಂ. ಟ್ಯಾಂಕಿನಲ್ಲಿದ್ದದ್ದು 7,682 ಲೀಟರ್. ಲೀಟರನ್ನು ತೂಕಕ್ಕೆ ಪರಿವರ್ತಿಸಲು 1.77 ಎಂಬ ಸಂಖ್ಯೆಯಿಂದ ಗುಣಿಸಿದರು. ಅದು ಲೀಟರಿಗೆ ಎಷ್ಟು ಪೌಂಡು ಎಂಬ ಸಂಖ್ಯೆ. ಕಿಲೋಗ್ರಾಂ ಬೇಕಿದ್ದರೆ ಸುಮಾರು 0.8ರಿಂದ ಗುಣಿಸಬೇಕಿತ್ತು. ಸುಮಾರು 20,000 ಲೀಟರ್ ತುಂಬಿಸಬೇಕಾದಲ್ಲಿ ತುಂಬಿಸಿದ್ದು 4,916 ಲೀಟರ್. ಗಮನಿಸಿ, ಮಧ್ಯೆ ಒಟ್ಟಾವಾದಲ್ಲಿ ವಿಮಾನ ಇಳಿದಾಗ ಇಂಧನವನ್ನು ಮತ್ತೊಮ್ಮೆ ಅಳೆದಿದ್ದರು. ಆದರೆ ಪರಿವರ್ತನೆಗೆ ಬಳಸಿದ್ದು ಅದೇ ಬಗೆಯ ತಪ್ಪು ಸಂಖ್ಯೆ. ಆಕಾಶದಲ್ಲಿ ಎರಡು ಎಂಜಿನ್‌ಗಳೂ ನಿಂತವು. ಚಾಲಕರ ಕೌಶಲದಿಂದ ವಿಮಾನ ಗಿಮ್ಲಿ ಎಂಬ ಹಳೆಯ ವಾಯುನೆಲೆಯಲ್ಲಿ ತೇಲುತ್ತಾ ಇಳಿಯಿತು, ಪ್ರಾಣಹಾನಿಯಾಗಲಿಲ್ಲ. ಅವರು ಪರಿಶೀಲಿಸದೆ ಇದ್ದವರಲ್ಲ. ಪರಿಶೀಲಿಸಿದ್ದು ಬಂದ ದಾರಿಯಲ್ಲೇ, ಅಷ್ಟೇ.

ಇದಕ್ಕೆ ಪ್ರತಿಯಾಗಿ ನಮ್ಮ ನಾಡಿನ ಒಂದು ಉದಾಹರಣೆ. ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣವನ್ನು ಆರಂಭಿಸಿದ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಸರಪಳಿಯಿಂದ ಅಳೆದರು, 1802ರಲ್ಲಿ ಮದ್ರಾಸಿನ ಬಳಿ ಇನ್ನೊಂದನ್ನು ಅಳೆದರು. ಮದ್ರಾಸಿನಿಂದ ತ್ರಿಕೋನಗಳನ್ನು ಒಂದರ ಪಕ್ಕದಲ್ಲೊಂದು ಹೆಣೆಯುತ್ತಾ ಪಶ್ಚಿಮಕ್ಕೆ ಬಂದು, 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಆಧಾರರೇಖೆಯನ್ನು ಅಳೆದರು. ಲೆಕ್ಕದಿಂದ ಬಂದ ಉದ್ದವನ್ನೂ ನೆಲದ ಮೇಲೆ ಅಳೆದ ಉದ್ದವನ್ನೂ ಹೋಲಿಸಿದರು. ಹಲವು ಮೈಲಿಗಳ ರೇಖೆಯಲ್ಲಿ ವ್ಯತ್ಯಾಸ ಕೆಲವೇ ಅಂಗುಲಗಳು. ಲೆಕ್ಕವನ್ನು ಲೆಕ್ಕದಿಂದಲೇ ಪರೀಕ್ಷಿಸದೆ ನೆಲದಿಂದ ಪರೀಕ್ಷಿಸಿದ್ದು ಅವರ ಹಿರಿಮೆ. ಆ ಲ್ಯಾಂಬ್ಟನ್ 1823ರಲ್ಲಿ ನಾಗಪುರಕ್ಕೆ ಬರುವ ದಾರಿಯಲ್ಲಿ ಹಿಂಗಣಘಾಟದಲ್ಲಿ ತೀರಿಕೊಂಡರು. ನಾವು ಬಲ್ಲಾರಶಾಹ ಮಾರ್ಗವಾಗಿ ಬೆಂಗಳೂರಿಗೆ ಹೋಗುವಾಗ ಆ ನಿಲ್ದಾಣ ಸಿಗುತ್ತದೆ. ಮುಂದಿನ ಬಾರಿ ಹೋಗುವಾಗ ಮಕ್ಕಳಿಗೆ ತೋರಿಸಿ.

ರೈಲ್ವೆಯಲ್ಲಿ ಕೀಮ್ಯಾನ್ ಎಂಬ ನೌಕರನಿರುತ್ತಾನೆ. ತನ್ನ ಪಾಲಿನ ಮಾರ್ಗವನ್ನು ದಿನಕ್ಕೊಮ್ಮೆ ಕಾಲ್ನಡಿಗೆಯಲ್ಲಿ ನೋಡಿ ಬರುವುದು ಅವನ ಕೆಲಸ. ಹೋಗುವಾಗ ಒಂದು ಹಳಿಯ ಗುಂಟ ಹೋದರೆ ಬರುವಾಗ ಇನ್ನೊಂದು ಹಳಿಯ ಗುಂಟ ಬರಬೇಕೆಂಬುದು ನಿಯಮ. ಹಾಗೆಯೇ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಗಾಡಿಯನ್ನು ಬಿಡಲು ಮಾರ್ಗ ತೆರವಿದೆಯೆಂದು ಹೇಳುವಾಗ ಸ್ಟೇಷನ್ ಮಾಸ್ತರರು ಬರಿಯ "ಹೌದು" ಎನ್ನುವುದಿಲ್ಲ, ಪ್ರೈವೇಟ್ ನಂಬರನ್ನು ಕೊಟ್ಟು ದಾಖಲಿಸುತ್ತಾರೆ. ಈ ನಿಯಮಗಳು ನೌಕರರ ಮೇಲಿನ ಅವಿಶ್ವಾಸದಿಂದ ಹುಟ್ಟಿದವಲ್ಲ. ಮನುಷ್ಯನ ಗಮನಕ್ಕೆ ಮಿತಿಯಿದೆ ಎಂಬ ತಿಳಿವಳಿಕೆಯಿಂದ ಹುಟ್ಟಿದವು. ನಮ್ಮ ಹಿರಿಯರಿಗೂ ಅದು ತಿಳಿದಿತ್ತು. ಜಪ ಮಾಡುವಾಗ ಎಚ್ಚರವಾಗಿ ಎಣಿಸು ಎಂದಷ್ಟೇ ಹೇಳದೆ 108 ಮಣಿಗಳ ಮಾಲೆಯನ್ನು ಕೈಗೆ ಕೊಟ್ಟರು. ಚಂಚಲವಾದ ಮನಸ್ಸಿನಿಂದ ಎಣಿಕೆಯನ್ನು ತೆಗೆದು ಬೆರಳಿಗೆ ಒಪ್ಪಿಸಿದರು. "ಎಚ್ಚರವಾಗಿರು" ಎಂಬ ಉಪದೇಶಕ್ಕಿಂತ ಒಂದು ಮಾಲೆ ಹೆಚ್ಚು ಪ್ರಯೋಜನಕಾರಿ.

ಇನ್ನೊಂದು ಹಳಿಯ ಗುಂಟ ಬರುವ ನಾಲ್ಕು ಬಗೆಗಳು

ಒಂದು, ಅಂದಾಜು. 487ನ್ನು 34ರಿಂದ ಗುಣಿಸುವ ಮೊದಲು 500 × 34 = 17,000 ಎಂದುಕೊಳ್ಳಿ. ಉತ್ತರ ಅದಕ್ಕಿಂತ ಸ್ವಲ್ಪ ಕಡಿಮೆ ಇರಬೇಕು. 16,558 ಬಂದರೆ ಒಪ್ಪಬಹುದು, 1,655 ಬಂದರೆ ಒಪ್ಪಲಾಗದು. ರೈಲಿನ ಲೆಕ್ಕದಲ್ಲಿ 5/18ರ ಬದಲು 18/5ರಿಂದ ಗುಣಿಸಿದರೆ ವೇಗ ಸೆಕೆಂಡಿಗೆ 194.4 ಮೀಟರ್ ಆಗುತ್ತದೆ. ಅಂದರೆ ಗಂಟೆಗೆ ಸುಮಾರು 700 ಕಿಲೋಮೀಟರ್. ಅಜನಿ ನಿಲ್ದಾಣದಲ್ಲಿ ನಿಂತು ಅಂತಹ ಗಾಡಿಯನ್ನು ಕಂಡವರಿದ್ದಾರೆಯೇ?

ಎರಡು, ಉತ್ತರವನ್ನು ಪ್ರಶ್ನೆಯಲ್ಲಿ ಇಟ್ಟುನೋಡುವುದು. ಸಮೀಕರಣಗಳಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಬೀಜಗಣಿತದ ರೂಪಗಳನ್ನು ಪರೀಕ್ಷಿಸುವಾಗ 0 ಮತ್ತು 1 ಎಂಬ ಬೆಲೆಗಳು ಕೆಲವೊಮ್ಮೆ ತಪ್ಪನ್ನು ಮುಚ್ಚಿಡುತ್ತವೆ, 2 ಅಥವಾ 3 ಉತ್ತಮ.

ಮೂರು, ಒಂಬತ್ತರ ಪರೀಕ್ಷೆ. ಸುಮಾರು 10ನೆಯ ಶತಮಾನದ ಎರಡನೆಯ ಆರ್ಯಭಟನ ಮಹಾಸಿದ್ಧಾಂತದಲ್ಲಿಯೇ ಇದು ಉಂಟು. 487ರ ಅಂಕಿಗಳನ್ನು ಕೂಡಿಸುತ್ತಾ ಹೋದರೆ 19, 10, ಕೊನೆಗೆ 1. 34ಕ್ಕೆ 7. ಇವುಗಳ ಗುಣಲಬ್ಧ 7. 16,558ರ ಅಂಕಿಗಳ ಮೊತ್ತ 25, ಅದರಿಂದ 7. ತಾಳೆಯಾಯಿತು. ಆದರೆ ಈ ಪರೀಕ್ಷೆಗೆ ಒಂದು ಕುರುಡು ಜಾಗವಿದೆ. 16,585 ಎಂದು ಅಂಕಿಗಳನ್ನು ಅದಲುಬದಲು ಬರೆದರೂ ಮೊತ್ತ ಅದೇ. ಅದನ್ನು ಹಿಡಿಯಲು ಹನ್ನೊಂದರ ಪರೀಕ್ಷೆ ಬೇಕು. ಬಲದಿಂದ ಒಂದು ಅಂಕಿಯನ್ನು ಕೂಡಿ ಮುಂದಿನದನ್ನು ಕಳೆಯುತ್ತಾ ಹೋದರೆ 487ಕ್ಕೆ 3, 34ಕ್ಕೆ 1, ಗುಣಲಬ್ಧ 3. 16,558ಕ್ಕೂ 3 ಬರುತ್ತದೆ. 16,585ಕ್ಕೆ −3 ಬರುತ್ತದೆ, ತಪ್ಪು ಹೊರಬಿತ್ತು. ಇದರೊಂದಿಗೆ ಹಳೆಯ ಗುಮಾಸ್ತರ ಒಂದು ಉಪಾಯವನ್ನೂ ನೆನಪಿಡಿ: ಎರಡು ಮೊತ್ತಗಳ ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ, ಎಲ್ಲಿಯೋ ಎರಡು ಅಂಕಿಗಳು ಸ್ಥಳ ಬದಲಿಸಿರಬಹುದೆಂದು ಮೊದಲು ಅಲ್ಲಿಯೇ ಹುಡುಕಬೇಕು. 63 ಮತ್ತು 36ರ ವ್ಯತ್ಯಾಸ 27.

ನಾಲ್ಕು, ಮಾನಗಳ ಪರೀಕ್ಷೆ. ಪ್ರತಿ ಸಾಲಿನಲ್ಲಿಯೂ ಮೀಟರ್, ಸೆಕೆಂಡು, ಕಿಲೋಗ್ರಾಂ ಎಂದು ಬರೆಯುತ್ತಾ ಹೋದರೆ ಕಾಲವನ್ನು ಕೇಳಿದಲ್ಲಿ ದೂರ ಬರಲಾರದು. ಗಿಮ್ಲಿಯ ವಿಮಾನದಲ್ಲಿ 1.77ರ ಪಕ್ಕದಲ್ಲಿ "ಪೌಂಡು" ಎಂಬ ಒಂದು ಪದವಿದ್ದಿದ್ದರೆ ಸಾಕಾಗಿತ್ತು.

ಎಲ್ಲ ಲೆಕ್ಕಗಳಿಗೂ ನಾಲ್ಕನ್ನೂ ಮಾಡಲು ಸಮಯವಿಲ್ಲ, ಮಾಡಲೂಬಾರದು. ಲೆಕ್ಕದ ಸ್ವರೂಪಕ್ಕೆ ಒಪ್ಪುವ ಒಂದನ್ನು ಮಾಡಿದರೆ ಸಾಕು.

ಇಲ್ಲಿ ವೇಗದ ವಿಷಯವಾಗಿ ಒಂದು ಮಾತು. ಪುರಿಯ ಗೋವರ್ಧನ ಪೀಠದ ಶ್ರೀ ಭಾರತೀಕೃಷ್ಣತೀರ್ಥರ "ವೇದಗಣಿತ" ಗ್ರಂಥ, ಅವರು 1960ರಲ್ಲಿ ದೇಹವಿಟ್ಟ ಮೇಲೆ, 1965ರಲ್ಲಿ ಪ್ರಕಟವಾಯಿತು. ಅವರಿಗೆ ನಮ್ಮ ನಾಗಪುರದೊಡನೆಯೂ ಸಂಬಂಧವಿತ್ತು. ಅದರ ಸೂತ್ರಗಳು ಉಪಲಬ್ಧ ವೇದಗ್ರಂಥಗಳಲ್ಲಿ ದೊರೆಯುವುದಿಲ್ಲವೆಂದು ವಿದ್ವಾಂಸರು ತೋರಿಸಿದ್ದಾರಾದರೂ ಗುಣಾಕಾರದ ಚುರುಕು ವಿಧಾನಗಳು ಉಪಯುಕ್ತವೇ ಹೌದು. ಆದರೆ ವೇಗವನ್ನು ಕಲಿತು ಪರೀಕ್ಷೆಯನ್ನು ಕಲಿಯದಿದ್ದರೆ ಬ್ರೇಕ್ ಇಲ್ಲದ ಗಾಡಿಗೆ ದೊಡ್ಡ ಎಂಜಿನ್ ಜೋಡಿಸಿದಂತೆ. ಚುರುಕು ವಿಧಾನದಿಂದ ಉಳಿದ ಸಮಯವನ್ನು ಪರಿಶೀಲನೆಗೆ ಮೀಸಲಿಡಿ.

ತಪ್ಪುಗಳ ದಾಖಲೆ

ಅಭ್ಯಾಸಕ್ಕೆ ಒಂದು ಕ್ರಮವನ್ನು ಸೂಚಿಸುತ್ತೇನೆ. ನೂರು ಪುಟದ ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ಐದು ಅಂಕಣಗಳನ್ನು ಎಳೆಯಿರಿ: ದಿನಾಂಕ, ಲೆಕ್ಕದ ಗುರುತು, ತಪ್ಪಿದ ಸಾಲು, ದೋಷದ ಬಗೆ, ಯಾವ ಪರೀಕ್ಷೆಯಿಂದ ಸಿಕ್ಕಿಬೀಳುತ್ತಿತ್ತು. ಪ್ರತಿ ಅಭ್ಯಾಸ ಪರೀಕ್ಷೆಯ ನಂತರ ಅಂಕಗಳನ್ನು ಎಣಿಸುವ ಮೊದಲು ಇದನ್ನು ತುಂಬಬೇಕು. "ಅಜಾಗರೂಕತೆ" ಎಂಬ ಪದವನ್ನು ಈ ಪುಸ್ತಕದಲ್ಲಿ ಬರೆಯಕೂಡದು. ಕಣ್ಣು, ಯುಕ್ತಿ, ಶಬ್ದ ಎಂಬ ಮೂರರಲ್ಲಿ ಒಂದನ್ನು ಬರೆಯಬೇಕು. ತಿಂಗಳೊಂದರಲ್ಲಿ ಪ್ರತಿಯೊಬ್ಬನ ತಪ್ಪಿಗೂ ಒಂದು ಮುಖ ಕಾಣತೊಡಗುತ್ತದೆ. ಒಬ್ಬನಿಗೆ ಋಣ ಚಿಹ್ನೆ, ಇನ್ನೊಬ್ಬಳಿಗೆ ಕೊನೆಯ ಸಾಲಿನ ಆತುರ, ಮತ್ತೊಬ್ಬನಿಗೆ ಎರಡು ಗಂಟೆಗಳ ನಂತರದ ಆಯಾಸ. ಹತ್ತು ತಪ್ಪುಗಳೆಂದುಕೊಂಡವು ಒಂದೇ ತಪ್ಪಿನ ಹತ್ತು ವೇಷಗಳೆಂದು ತಿಳಿದಾಗ ಭಯ ಹೋಗುತ್ತದೆ. ಪರೀಕ್ಷಾ ಕೊಠಡಿಗೆ ಹೋಗುವಾಗ ಆ ಒಂದೆರಡನ್ನು ನೆನಪಿಟ್ಟುಕೊಂಡರೆ ಸಾಕು.

ಪಾಲಕರಲ್ಲಿ ನನ್ನ ಪ್ರಾರ್ಥನೆ. ಮಗು ಪರೀಕ್ಷೆಯಿಂದ ಬಂದಾಗ "ಎಷ್ಟು ಬರುತ್ತದೆ?" ಎಂದು ಬಾಗಿಲಲ್ಲೇ ಕೇಳಬೇಡಿ. ಮೊದಲು ಊಟ ಬಡಿಸಿ. ಮರುದಿನ ಜೊತೆಯಲ್ಲಿ ಕುಳಿತು "ಎಲ್ಲಿ ಜಾರಿತು, ನೋಡೋಣ" ಎನ್ನಿ. ಬೈದರೆ ಮಗು ತಪ್ಪನ್ನು ಮುಚ್ಚಿಡುವುದನ್ನು ಕಲಿಯುತ್ತದೆ. ಮುಚ್ಚಿಟ್ಟ ತಪ್ಪು ಬಿರುಕುಬಿಟ್ಟ ಹಳಿಯಂತೆ. ಹೊರಗೆ ಹೊಳೆಯುತ್ತಲೇ ಇರುತ್ತದೆ. ತಪ್ಪನ್ನು ತಾನಾಗಿಯೇ ತಂದು ತೋರಿಸುವ ಮಗುವಿಗೆ ಅಂದು ಅಂಕ ಕಡಿಮೆ ಬಂದಿದ್ದರೂ ಅದು ಸರಿಯಾದ ದಾರಿಯಲ್ಲಿದೆ ಎಂದು ತಿಳಿಯಿರಿ.

ಕೊನೆಯದಾಗಿ, ಪರೀಕ್ಷೆ ಎಂಬ ಪದವನ್ನು ಸ್ವಲ್ಪ ಯೋಚಿಸಿ. ಇತರರು ನಮ್ಮನ್ನು ಪರೀಕ್ಷಿಸುವುದೆಂದೇ ನಾವು ಅದನ್ನು ಬಳಸುತ್ತೇವೆ. ಶಾಸ್ತ್ರದಲ್ಲಿಯಾದರೋ ಸಂದೇಹ ಬಂದಾಗ ತನ್ನ ಜ್ಞಾನ ನಿರ್ದೋಷವೇ ಎಂದು ತಾನೇ ಪರೀಕ್ಷಿಸಿ, ಒಳಗಿರುವ ಸಾಕ್ಷಿಯಿಂದ ನಿಶ್ಚಯಿಸಿಕೊಳ್ಳುವುದಕ್ಕೆ ಆ ಮಾತು ಸಲ್ಲುತ್ತದೆ. ಹೊರಗಿನ ಪರೀಕ್ಷೆ ಮೂರು ಗಂಟೆಗಳಲ್ಲಿ ಮುಗಿಯುತ್ತದೆ. ಈ ಒಳಗಿನ ಪರೀಕ್ಷೆಯ ಅಭ್ಯಾಸ ಮುಂದೆ ಔಷಧದ ಪ್ರಮಾಣವನ್ನು ಬರೆಯುವ ವೈದ್ಯನಿಗೂ, ಸೇತುವೆಯ ಭಾರವನ್ನು ಎಣಿಸುವ ಇಂಜಿನಿಯರಿಗೂ, ಮನೆಯ ಲೆಕ್ಕ ಬರೆಯುವ ಗೃಹಿಣಿಗೂ ಜೀವನಪರ್ಯಂತ ಬೇಕು. ಪ್ರವೇಶ ದೊರೆಯಲಿ, ದೊರೆಯದಿರಲಿ, ಅದನ್ನು ಗಳಿಸಿಕೊಂಡ ಮಗು ಬರಿಗೈಯಲ್ಲಿ ಹಿಂದಿರುಗಿದಂತಾಗುವುದಿಲ್ಲ.

ಮನಸ್ಸಿಗೆ ಸ್ಥೈರ್ಯವನ್ನು ಗುರುಗಳು ಅನುಗ್ರಹಿಸುತ್ತಾರೆ. ಕಾಗದದ ಮೇಲೆ ಸಮ ಚಿಹ್ನೆಯ ಕೆಳಗೆ ಸಮ ಚಿಹ್ನೆಯನ್ನು ಬರೆಯುವ ಕೆಲಸ ನಮ್ಮದು. ನಮ್ಮ ಮಕ್ಕಳೆಲ್ಲರಿಗೂ ಶ್ರೀಹರಿವಾಯುಗುರುಗಳು ಶುದ್ಧವಾದ ಬುದ್ಧಿಯನ್ನು ಕರುಣಿಸಲೆಂದು ಪ್ರಾರ್ಥಿಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.

॥ ಶ್ರೀಕೃಷ್ಣಾರ್ಪಣಮಸ್ತು ॥